ಡಾಕ್ಟರ ಮುಂದೆ ನಾನು ಆಡಿದ ಪದ

ನನಗೆ ಸರಿಯಾದ ಪದ ಗೊತ್ತಿತ್ತು. ಗೊತ್ತಿದ್ದೂ ಬೇರೊಂದು ಪದ ಹೇಳಿದೆ. ನನ್ನ ತಪ್ಪು ಇಷ್ಟೇ—ಆದರೆ ‘ಇಷ್ಟೇ’ ಎಂದು ಬರೆದ ಕೂಡಲೇ ಅದೂ ಸುಳ್ಳಾಗುತ್ತದೆ. ಆ ಪದದಿಂದಾಗಿ ನನ್ನ ಓರಗಿತ್ತಿ ಪದ್ಮಳ ಒಂದು ಕಡೆಯ ಶ್ವಾಸಕೋಶ ಹಾಳಾಯಿತು, ಅವಳ ಮಗು ಕಾಯಿಲೆ ಬಿದ್ದಿತು, ಅವಳ ತಾಯಿ ತಾನು ಮಾಡದ ತಪ್ಪಿಗೆ ನಮ್ಮ ಹೊಸ್ತಿಲಲ್ಲಿ ನಿಂತು ಕೈ ಮುಗಿದರು. ಯಾರೂ ನನಗೆ ಹಾಗೆ ಹೇಳು ಎಂದು ಹೇಳಿಕೊಟ್ಟಿರಲಿಲ್ಲ. ನಾನೇ ಯೋಚಿಸಿ, ಆರಿಸಿ, ಆಡಿದ ಮಾತು ಅದು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಆಗ ನಮ್ಮದು ಕೂಡು ಮನೆ—ಅತ್ತೆ, ನಾನು, ಮೈದುನ ಕೃಷ್ಣಪ್ಪ, ಅವನ ಹೆಂಡತಿ ಪದ್ಮ, ಅವರ ಪುಟ್ಟ ಮಗಳು ಹಂಸ. ನನ್ನ ಗಂಡನಿಗೆ ಗೌರಿಬಿದನೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಹಂಸ ನಮ್ಮೆಲ್ಲರ ಮಗು. ಹಿಪ್ಪುನೇರಳೆ ತೋಟವಿತ್ತು, ಮನೆಯ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಮನೆಯಿತ್ತು, ಎರಡು ಹಸುಗಳಿದ್ದವು.

ಪದ್ಮ ಚಿಂತಾಮಣಿಯ ಆಚೆಯ ಒಂದು ಹಳ್ಳಿಯವಳು, ತೆಲುಗು ಮಾತಾಡುವ ಮನೆಯಿಂದ ಬಂದವಳು. ಮದುವೆಯಲ್ಲಿ ಬಳೆ ತೊಡಿಸಿದವಳು ನಾನೇ. ಕೈ ಎಷ್ಟು ದುಂಡಗಿತ್ತೆಂದರೆ ಸೋಪಿನ ನೊರೆ ಹಚ್ಚಿದರೂ ಬಳೆ ಏರಲೊಲ್ಲದು, ಎರಡು ಒಡೆದೇ ಹೋದವು. ಈ ಮಾತನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಮುಂದೆ ನಾನು ಡಾಕ್ಟರಿಗೆ ಹೇಳಿದ್ದು ಎಂಥ ಸುಳ್ಳು ಎಂಬುದು ನಿಮಗೆ ತಿಳಿಯಬೇಕು.

ಹಂಸಳಿಗೆ ನಾಲ್ಕು ತುಂಬುವ ಹೊತ್ತಿಗೆ ಪದ್ಮ ಸೊರಗತೊಡಗಿದಳು. ಒಂದೇ ದಿನಕ್ಕೆ ಆದದ್ದಲ್ಲ. ಕೆನ್ನೆ ಇಳಿಯಿತು, ಕತ್ತಿನ ಎಲುಬು ಎದ್ದಿತು, ರವಿಕೆಗಳಿಗೆ ಒಳಗಿಂದ ಹೊಲಿಗೆ ಬಿತ್ತು. ಅತ್ತೆ ಮೊದಮೊದಲು ‘ಕಡ್ಡಿ’ ಎಂದರು, ಆಮೇಲೆ ‘ಬಡಕಲು’ ಎಂದರು, ಕೊನೆಗೆ ‘ನರಪೇತಲಿ’ ಎಂದು ಕರೆದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಕ್ಕಾಗ ಕೆಮ್ಮು ಬರುತ್ತಿತ್ತು. ಸಂಜೆಯಾದರೆ ಮೈ ಬಿಸಿ. ಹುಳು ಸಾಕುವ ನಮ್ಮ ಕಡೆಯವರು ಹುಳು ಪೊರೆ ಬಿಡುವುದಕ್ಕೂ ಜ್ವರ ಎನ್ನುತ್ತಾರೆ. ಹುಳು ಯಾವ ಜ್ವರದಲ್ಲಿದೆ, ಯಾವಾಗ ಏಳುತ್ತದೆ ಎಂಬುದು ಮನೆಯಲ್ಲಿ ಎಲ್ಲರ ಬಾಯಲ್ಲೂ ಇರುತ್ತಿತ್ತು. ಪದ್ಮಳ ಜ್ವರದ ಲೆಕ್ಕ ಯಾರೂ ಇಡಲಿಲ್ಲ.

ಕೆಲಸವೆಲ್ಲ ಅವಳದೇ. ಸೊಪ್ಪು ಕೊಯ್ದು ತಂದು ಹುಳುವಿಗೆ ಹಾಕಬೇಕು, ಹಾಲು ಕರೆಯಬೇಕು, ಮುದ್ದೆ ತೊಳಸಬೇಕು, ಅದರ ನಡುವೆ ನನ್ನ ಬಸ್ಸಿನ ಹೊತ್ತಿಗೆ ನನ್ನ ಡಬ್ಬಿ ಕಟ್ಟಬೇಕು. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ತೆರೆದರೆ ಎಲ್ಲರೂ ಕೈ ಹಾಕುತ್ತಿದ್ದರು. ನಾನು ಆ ವರ್ಷಗಳಲ್ಲಿ ದಪ್ಪಗಾದೆ. ಒಂದು ಬೆಳಿಗ್ಗೆ ಡೇರಿಯ ಹತ್ತಿರ ಹಾಲು ಹಾಕಲು ನಿಂತಿದ್ದ ಹೆಂಗಸೊಬ್ಬಳು, ಬಸ್ಸಿಗೆ ಹೊರಟ ನನ್ನನ್ನು ನೋಡಿ, “ಏನ್ ಮಿಸ್, ನಿಮ್ಮನೇಲಿ ದೊಡ್ಡ ಸೊಸೆಗೆ ಮಾತ್ರ ಊಟಾನಾ?” ಎಂದಳು. ತಮಾಷೆಗೇ ಅಂದದ್ದು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಮೈ ಉರಿಯಿತು—ಪದ್ಮಳ ಮೇಲೆ. ಹೌದು, ಅವಳ ಮೇಲೆ. ಅವಳು ಬೇಕೆಂದೇ ಒಣಗಿ ನನ್ನ ಮಾನ ತೆಗೆಯುತ್ತಿದ್ದಾಳೆ ಎನ್ನಿಸಿತು.

ಅದೇ ಸುಮಾರಿಗೆ ಅವಳ ತಾಯಿ ಲಕ್ಷ್ಮಮ್ಮ ಮಗಳನ್ನು ನೋಡಲು ಬಂದರು. ಬಾಗಿಲಲ್ಲೇ ಅವಳ ಎರಡೂ ತೋಳು ಹಿಡಿದು, “ಏಮಮ್ಮಾ, ಇಂತ ಬಕ್ಕಗ ಅಯಿಪೋಯಿನಾವು?” ಎಂದು ಕೇಳಿದರು—ಇಷ್ಟೊಂದು ಬಡವಾಗಿಬಿಟ್ಟಿದ್ದೀಯಲ್ಲ ಎಂದು. ಆಮೇಲೆ ಒಮ್ಮೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರಿರಲಿಲ್ಲ, ಈಗ ನನಗದು ಗೊತ್ತು. ಓದಿದವಳು, ಇವಳಿಗೇನಾದರೂ ತಿಳಿದೀತೇನೋ ಎಂಬ ಆಸೆ ಇತ್ತು. ಆಗ ನನಗೆ ಕಂಡದ್ದು ದೂರು ಮಾತ್ರ. ಮಾರನೆಯ ವಾರವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾನೇ ಮುಂದಾದೆ. ಎಲ್ಲರೂ ಮೆಚ್ಚಿದರು. ಕೃಷ್ಣಪ್ಪ, “ಅತ್ತಿಗೆ ಹೋದ್ರೆ ಇಂಗ್ಲಿಷ್‌ನಾಗೆ ಎಲ್ಲಾ ಸರಿಯಾಗಿ ಕೇಳ್ಕೊಂಡ್ ಬರ್ತಾರೆ ಬಿಡು” ಎಂದು ಹೆಂಡತಿಗೆ ಧೈರ್ಯ ಹೇಳಿ ಬಸ್ ಹತ್ತಿಸಿದ.

ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆ. ಆ ದಿನ ಇದ್ದವರು ಉತ್ತರದ ಕಡೆಯಿಂದ ಹೊಸದಾಗಿ ಬಂದ ಡಾಕ್ಟರು, ಕನ್ನಡ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ನರ್ಸನ್ನು ಯಾರೋ ಕರೆದರು, ಆಕೆ ಹೊರಗೆ ಹೋದಳು. ಉಳಿದದ್ದು ನಾವು ಮೂವರೇ—ನಡುವೆ ಎರಡೂ ಭಾಷೆ ಗೊತ್ತಿದ್ದವಳು ನಾನೊಬ್ಬಳೇ.

ಪದ್ಮ ಡಾಕ್ಟರ ಮುಖವನ್ನು ನೋಡುತ್ತಾ, ನನ್ನ ಕಡೆಗೆ ಮಾತಾಡಿದಳು.

“ಸಂಜೆ ಆದ್ರೆ ಚಳಿ ಚಳಿ ಆಗುತ್ತೆ ಅನ್ನಿ ಅಕ್ಕ. ರಾತ್ರಿ ಬೆವೆತು ರವಿಕೆ ಎಲ್ಲಾ ಒದ್ದೆ. ಕೆಮ್ಮು ನಿಲ್ಲಲ್ಲ. ಯುಗಾದಿಗೆ ಹೊಲಿಸಿದ್ದ ರವಿಕೆ ಈಗ ಎರಡು ಸುತ್ತು ಬರುತ್ತೆ ಅನ್ನಿ.”

ಅವಳು ಎಲ್ಲವನ್ನೂ ಸರಿಯಾಗಿಯೇ ಹೇಳಿದಳು. ಒಬ್ಬ ಡಾಕ್ಟರು ತಿಳಿಯಬೇಕಾದದ್ದೆಲ್ಲ ಆ ನಾಲ್ಕು ಮಾತಿನಲ್ಲಿತ್ತು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸತೊಡಗಿದೆ—ಸುಸ್ತು ಎಂದೆ, ಸ್ವಲ್ಪ ಕೆಮ್ಮು ಎಂದೆ. ಜ್ವರಕ್ಕೆ ಬರುವಷ್ಟರಲ್ಲಿ ಡಾಕ್ಟರು ಅವಳ ಮುಂಗೈಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ನನ್ನನ್ನು ಒಂದು ಪ್ರಶ್ನೆ ಕೇಳಿದರು: ಮನೆಯಲ್ಲಿ ಇವಳಿಗೆ ಸರಿಯಾಗಿ ಊಟ ಸಿಗುತ್ತಿದೆಯೇ, ಇವಳನ್ನು ನೋಡಿಕೊಳ್ಳುವವರು ಯಾರು?

ಯಾವ ಡಾಕ್ಟರಾದರೂ ಕೇಳುವ ಪ್ರಶ್ನೆ. ನನಗೆ ಮಾತ್ರ ಡೇರಿಯ ಮುಂದೆ ನಿಂತ ಹಾಗಾಯಿತು. ನನ್ನ ದಪ್ಪ ತೋಳು, ಅವಳ ಒಣಗಿದ ತೋಳು ಅಕ್ಕಪಕ್ಕದ ಕುರ್ಚಿಗಳಲ್ಲಿ. ಇವರು ನನ್ನನ್ನು ಏನೆಂದುಕೊಂಡಾರು—ಅದೊಂದೇ ಯೋಚನೆ.

ಆ ತಿಂಗಳಲ್ಲೇ ಹತ್ತನೇ ತರಗತಿಗೆ ಸಮಾನಾರ್ಥಕ ಪದಗಳ ಪಾಠ ಮಾಡಿದ್ದೆ. ತೆಳ್ಳಗಿರುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆ ನೋಡಿ ಎಂದು ಹಲಗೆ ತುಂಬ ಬರೆದು, ನಡುವೆ ಗೆರೆ ಎಳೆದಿದ್ದೆ. ಗೆರೆಯ ಈ ಕಡೆ ಹೊಗಳುವ ಪದಗಳು—ಸ್ಲಿಮ್, ಲೀನ್, ಸ್ಲೆಂಡರ್. ಆ ಕಡೆ ಕಾಯಿಲೆಯ ಪದಗಳು—ಸ್ಕ್ರಾನಿ, ಗಾಂಟ್, ಎಮೇಸಿಯೇಟೆಡ್. ಕೊನೆಯದು ಮಕ್ಕಳಿಗೆ ಕಷ್ಟವೆಂದು ಬಿಡಿಬಿಡಿಯಾಗಿ ಹೇಳಿಸಿದ್ದೆ. ಮಾಂಸ ಕರಗಿ ಎಲುಬು ಕಾಣುವ ಸ್ಥಿತಿ, ಹಸಿವಿನಿಂದ ಅಥವಾ ರೋಗದಿಂದ ಎಂದು ಅರ್ಥವನ್ನೂ ಬರೆಸಿದ್ದೆ. ಆಗ ಕಣ್ಣ ಮುಂದೆ ಪದ್ಮ ಬಂದಿದ್ದಳು—ಇದನ್ನೂ ಹೇಳಿಬಿಡಬೇಕು—ಬಂದಿದ್ದಳು, ನಾನು ಬೇಗ ಹಲಗೆ ಒರೆಸಿದ್ದೆ.

ಆ ಡಾಕ್ಟರ ಮುಂದೆ ನನ್ನ ಬಾಯಿಂದ ಬಂದದ್ದು: ಇವಳು ಮೊದಲಿನಿಂದಲೂ ಸ್ಲೆಂಡರ್, ಡಾಕ್ಟರ್. ಇವಳ ತಾಯಿಯೂ ಹೀಗೇ. ಮನೆತನದ ಮೈಕಟ್ಟು.

ಜ್ವರ ಇದೆಯೇ ಎಂದರು. ಇಲ್ಲ ಎಂದೆ. ಜ್ವರ ಇದೆ ಎಂದರೆ ಎಷ್ಟು ದಿನದಿಂದ ಎನ್ನುತ್ತಾರೆ, ಇಷ್ಟು ದಿನ ಯಾಕೆ ಬರಲಿಲ್ಲ ಎನ್ನುತ್ತಾರೆ. ಕೆಮ್ಮು ಹುಳು ಮನೆಯ ಧೂಳಿಗೆ ಎಂದೆ. ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಸ್ವಲ್ಪ ಯೋಚಿಸಿದರು, ರಕ್ತ ಕಡಿಮೆ ಇದೆ ಎಂದು ಟಾನಿಕ್ಕು ಮಾತ್ರೆ ಬರೆದರು. ಕೆಮ್ಮು ಹೀಗೇ ಇದ್ದರೆ ಬಂದು ಎದೆಯ ಎಕ್ಸ್‌ರೇ ಮಾಡಿಸಿ ಎಂದು ಸ್ಪಷ್ಟವಾಗಿ ಹೇಳಿದರು.

ಆ ಎಕ್ಸ್‌ರೇ ಮಾತನ್ನು ನಾನು ಪದ್ಮಳಿಗೆ ಹೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಮರೆತೆ ಎಂದು ಬರೆಯಲು ಕೈ ಹೋಗುತ್ತದೆ—ಮರೆತಿರಲಿಲ್ಲ. ಇನ್ನೊಮ್ಮೆ ಆ ಕುರ್ಚಿಯಲ್ಲಿ ಕೂರಲು ನನಗೆ ಇಷ್ಟವಿರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು.

“ಅಕ್ಕ, ನೀವು ಡಾಕ್ಟ್ರಿಗೆ ಸ್ಲೆಂಡರ್ ಅಂದ್ರಲ್ಲ, ಹಂಗಂದ್ರೆ ಏನು?”

“ಸೊರಗಿಹೋಗಿದ್ದಾಳೆ ಅಂತ” ಎಂದೆ.

“ಹೌದಾ” ಎಂದಳು. ತನಗೆ ತಾನೇ ಆ ಪದ ಹೇಳಿಕೊಂಡಳು. ಆಮೇಲೆ, “ನೀವಿಲ್ದೇ ಇದ್ದಿದ್ರೆ ನಾನೇನ್ ಹೇಳ್ತಿದ್ದೆ ಅಲ್ಲಿ” ಎಂದು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಸೀರೆಯ ಮೂಲಕವೂ ಅವಳ ಹಣೆಯ ಬಿಸಿ ನನಗೆ ತಗಲುತ್ತಿತ್ತು. ನಮ್ಮೂರು ಬರುವವರೆಗೂ ತಗಲುತ್ತಲೇ ಇತ್ತು.

ಟಾನಿಕ್ಕು ಮುಗಿಯಿತು, ಇನ್ನೊಂದು ತಂದೆವು. ಇಂಗ್ಲಿಷ್ ಡಾಕ್ಟರಿಗೆ ತೋರಿಸಿದ್ದಾಯಿತಲ್ಲ ಎಂದು ಮನೆಯವರು ಸುಮ್ಮನಾದರು. ಮಳೆಗಾಲ ಕಳೆದು ಚಳಿ ಬಂತು. ಒಂದು ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಕೆಮ್ಮಿದಾಗ ಹಸಿ ಸೊಪ್ಪಿನ ಮೇಲೆ ರಕ್ತ ಬಿತ್ತು. ಕೃಷ್ಣಪ್ಪ ಅವಳನ್ನು ಎತ್ತಿಕೊಂಡು ಬಂದು ಜಗುಲಿಯ ಮೇಲೆ ಕೂರಿಸಿದ. ನಾನು ಡಬ್ಬಿ ಹಿಡಿದು ಬಸ್ಸಿಗೆ ಹೊರಟಿದ್ದೆ.

ಈ ಸಲ ಸರಕಾರಿ ಆಸ್ಪತ್ರೆ. ಅಲ್ಲಿ ಕನ್ನಡ ಮಾತಾಡುವ ಡಾಕ್ಟರು, ಅವಳೇ ಎಲ್ಲ ಹೇಳಿದಳು. ಎಕ್ಸ್‌ರೇ ತೆಗೆದರು. ಕ್ಷಯ. ಎಡಗಡೆ ಶ್ವಾಸಕೋಶದಲ್ಲಿ ದೊಡ್ಡ ತೂತು ಬಿದ್ದಿತ್ತು. ಆ ಡಾಕ್ಟರಮ್ಮ ಕೃಷ್ಣಪ್ಪನಿಗೆ, “ಇಷ್ಟು ದಿನ ಏನ್ ಮಾಡ್ತಿದ್ರಪ್ಪ? ಕೆಲವು ತಿಂಗಳು ಮೊದ್ಲು ಬಂದಿದ್ರೆ ಇಷ್ಟಾಗ್ತಿರಲಿಲ್ಲ” ಎಂದರಂತೆ. ಅವನು ಮನೆಗೆ ಬಂದು ಅದನ್ನು ಹೇಳಿ ಗೋಡೆಗೆ ಹಣೆ ಚಚ್ಚಿಕೊಂಡ. ಅವನ ಭುಜ ಹಿಡಿದು ಸಮಾಧಾನ ಮಾಡಿದವಳು—ನಾನು.

ಆಮೇಲೆ ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ನಮಗ್ಯಾರಿಗೂ ಏನೂ ಇರಲಿಲ್ಲ. ತಾಯಿಯ ಮಗ್ಗುಲಲ್ಲೇ ಮಲಗುತ್ತಿದ್ದ ಹಂಸಳಿಗೆ ಇತ್ತು. ಕತ್ತಿನಲ್ಲಿ ಗಂಟು ಎದ್ದಿತ್ತು, ನಾವು ಅದನ್ನು ಶೀತದ ಗಂಟು ಎಂದುಕೊಂಡಿದ್ದೆವು. ಆ ಪುಟ್ಟ ಬಾಯಿಗೆ ದಿನಾ ಮಾತ್ರೆ ಹಾಕುವಾಗ ಅದು ಉಗಿದು, ಅತ್ತು, ಮತ್ತೆ ಬಾಯಿ ತೆರೆಯುತ್ತಿತ್ತು.

ಅತ್ತೆ ಪದ್ಮಳನ್ನೂ ಮಗುವನ್ನೂ ತೌರಿಗೆ ಕಳಿಸಿದರು. “ಅವರ ಮನೆಯಿಂದ್ಲೇ ಬಂದಿರೋ ಕಾಯ್ಲೆ ಇದು. ತಾಯೀನೂ ಹಂಗೇ ಸಣ್ಕಲು. ಅಲ್ಲೇ ವಾಸಿ ಮಾಡ್ಕೊಂಡ್ ಬರಲಿ” ಎಂದರು. ತಾಯಿಯೂ ಸಣಕಲು—ಅದು ನನ್ನ ಮಾತು. ಆಸ್ಪತ್ರೆಯಿಂದ ಬಂದ ದಿನ ಡಾಕ್ಟರು ಏನಂದರು ಎಂದು ಅತ್ತೆ ಕೇಳಿದಾಗ, ಮನೆತನದ ಮೈಕಟ್ಟಂತೆ ಎಂದು ಡಾಕ್ಟರ ಬಾಯಿಗೆ ನನ್ನ ಮಾತನ್ನು ಇಟ್ಟಿದ್ದೆ. ಈಗ ಅದು ಊರೆಲ್ಲ ಸುತ್ತಿ ಲಕ್ಷ್ಮಮ್ಮನವರ ತಲೆಯ ಮೇಲೆ ಕೂತಿತ್ತು. ಮಗಳನ್ನು ಕರೆದೊಯ್ಯಲು ಬಂದ ದಿನ ಅವರು ಒಳಗೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತು ಕೈ ಮುಗಿದು, ಬಾರದ ಕನ್ನಡದಲ್ಲಿ ನನಗೆ ಹೇಳಿದರು:

“ನಮ್ಮಿಂದ ನಿಮಗೆ ತೊಂದ್ರೆ ಆಯ್ತಮ್ಮ. ಏನ್ ಮಾಡೋದು, ನನ್ ಮೈಯೇ ಅವಳಿಗೂ ಬಂದೈತೆ.”

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. “ಇರಲಿ ಬಿಡಿ ಲಕ್ಷ್ಮಮ್ಮ” ಎಂದೆ. ಕ್ಷಮಿಸಿದವಳ ಧ್ವನಿಯಲ್ಲಿ.

ಪದ್ಮ ಬದುಕಿದಳು. ಮಗುವಿನ ಗಂಟು ಕರಗಿತು. ಮಾತ್ರೆಯ ಕಾಲ ಮುಗಿಸಿ ಇಬ್ಬರೂ ಹಿಂತಿರುಗಿದರು. ಆದರೆ ಅವಳ ಎಡ ಶ್ವಾಸಕೋಶ ಮುದುಡಿಯೇ ಉಳಿಯಿತು. ಬಿಂದಿಗೆ ಎತ್ತಿದರೆ ಏದುಸಿರು, ಮಾಳಿಗೆ ಹತ್ತಿದರೆ ನಡುವೆ ಕೂರಬೇಕು. ಅವಳಿಗೆ ಆಗುವುದಿಲ್ಲವೆಂದು ಕೃಷ್ಣಪ್ಪ ಹುಳು ಬಿಟ್ಟು ಗುಲಾಬಿ ಹಾಕಿದ. ಇನ್ನೊಂದು ಮಗು ಬೇಕೆಂದು ಅವರಿಗಿತ್ತು, ಡಾಕ್ಟರು ಬೇಡವೆಂದರು. ಬೆಳಗಿನ ಕೆಲಸಗಳನ್ನು ನಾನು ಹಂಚಿಕೊಂಡೆ. ಡಬ್ಬಿ ನಾನೇ ಕಟ್ಟಿಕೊಂಡೆ. ಊರಿನವರು ದೊಡ್ಡ ಸೊಸೆಯ ಮನಸ್ಸು ದೊಡ್ಡದು ಎಂದರು. ಅದನ್ನು ಕೇಳಿಸಿಕೊಂಡು ಬದುಕಿದೆ.

ಹಂಸ ಈಗ ಏಳನೇ ತರಗತಿ. ಸಂಜೆ ನಾಲ್ಕಾರು ಮಕ್ಕಳ ಜೊತೆ ನಮ್ಮ ಜಗುಲಿಯಲ್ಲೇ ನನ್ನ ಹತ್ತಿರ ಇಂಗ್ಲಿಷ್ ಓದುತ್ತಾಳೆ. ಪದ್ಮ ಸೊಪ್ಪು ಬಿಡಿಸುವ ನೆಪದಲ್ಲಿ ಹಿಂದೆ ಕೂತು ತಾನೂ ಕಲಿಯುತ್ತಾಳೆ. ಕಲಿಯುವ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಬಸ್ಸಿನ ಬೋರ್ಡು, ಔಷಧಿಯ ಚೀಟಿ ಎಲ್ಲ ಕೂಡಿಸಿ ಓದುತ್ತಾಳೆ.

ಕಳೆದ ಕಾರ್ತಿಕದಲ್ಲಿ ಮಕ್ಕಳ ಪುಸ್ತಕದಲ್ಲಿ ಆ ಪಾಠ ಬಂತು. ಸಮಾನಾರ್ಥಕ ಪದಗಳು, ಅದರಲ್ಲಿ ತೆಳ್ಳಗಿರುವುದೂ ಒಂದು. ನಾನು ಎಷ್ಟು ವರ್ಷಗಳಿಂದ ಆ ಪಾಠವನ್ನು ಶಾಲೆಯಲ್ಲಿ ಹಾರಿಸುತ್ತಾ ಬಂದಿದ್ದೆನೋ. ಹಂಸ ಬಿಡಲಿಲ್ಲ.

“ದೊಡ್ಡಮ್ಮ, ಸ್ಲಿಮ್ಮೂ ಎಮೇಸಿಯೇಟೆಡ್ಡೂ ಒಂದೇನಾ?”

“ಒಂದೇ ಅಲ್ಲ ಕಣಮ್ಮ” ಎಂದೆ. ಕೈ ತಾನಾಗಿ ಜಗುಲಿಯ ಹಲಗೆಯ ಮೇಲೆ ಪದಗಳನ್ನು ಬರೆದು ನಡುವೆ ಗೆರೆ ಎಳೆಯಿತು. ಮೇಷ್ಟರ ಬಾಯಿ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. “ಈ ಕಡೆ ಇರೋವು ಚೆಂದದ ಪದ. ಸ್ಲೆಂಡರ್ ಅಂದ್ರೆ ಬಳ್ಳಿ ಥರ ತೆಳ್ಳಗೆ, ನೋಡೋಕೆ ಚೆನ್ನಾಗಿರೋದು. ಆರೋಗ್ಯವಾಗಿರೋರಿಗೆ ಹೇಳೋದು. ಆ ಕಡೆಯವು ಕಾಯಿಲೆಯವರಿಗೆ—”

ಅಲ್ಲಿಗೆ ನಿಲ್ಲಿಸಿದೆ. ಹಿಂದೆ ಸೊಪ್ಪು ಬಿಡಿಸುವ ಸದ್ದು ನಿಂತಿತ್ತು.

ಮಕ್ಕಳು ಹೋದ ಮೇಲೆ ಪದ್ಮ ಹಲಗೆಯ ಹತ್ತಿರ ಬಂದು ‘ಸ್ಲೆಂಡರ್’ ಎಂದು ಅಕ್ಷರ ಕೂಡಿಸಿ ಓದಿದಳು.

“ಅಕ್ಕ, ಅವತ್ತು ಚಿಕ್ಕಬಳ್ಳಾಪುರದಾಗೆ ನೀವು ಅಂದಿದ್ದು ಇದೇ ಅಲ್ವಾ? ನಾನು ಮರೆತಿಲ್ಲ. ಅಮ್ಮನ ಊರಿನಾಗೆ ಮಾತ್ರೆ ಕೊಡೋಕೆ ಬರ್ತಿದ್ದ ನರ್ಸಮ್ಮಂಗೂ ಹೇಳಿದ್ದೆ, ನಾನು ಸ್ಲೆಂಡರ್ ಆಗಿಬಿಟ್ಟಿದ್ದೆ ಅಂತ. ಅವರು ಬಿದ್ದು ಬಿದ್ದು ನಕ್ಕರು. ಯಾಕೆ ನಕ್ಕರು ಅಂತ ಇವತ್ತು ಗೊತ್ತಾಯ್ತು.”

ಅವಳು ಕೋಪದಿಂದ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದಳು. ನಾನು ಹಲಗೆ ಒರೆಸುತ್ತಾ, ಅವಳ ಕಡೆ ತಿರುಗದೆ, “ಆಗ ನನಗೆ ಸರಿಯಾದ ಪದ ಗೊತ್ತಿರಲಿಲ್ಲ ಪದ್ಮ” ಎಂದೆ.

“ಪಾಪ, ಇಂಗ್ಲಿಷ್‌ನೋರ ಪದ. ನೀವ್ ತಾನೆ ಎಷ್ಟು ಅಂತ ನೆನಪಿಟ್ಕೊಳ್ತೀರಿ” ಎಂದು ಒಳಗೆ ಹೋದಳು.

ಆ ಹೊಸ ಸುಳ್ಳು ನನ್ನನ್ನು ಕೂರಲು ಬಿಡಲಿಲ್ಲ. ಮೊದಲಿನವನ್ನು ಹೇಳಿದಾಗ ಹೆದರಿದ್ದೆ ಎಂದಾದರೂ ಹೇಳಿಕೊಳ್ಳುತ್ತಿದ್ದೆ. ಈಗ ಯಾವ ಹೆದರಿಕೆ? ಯಾರ ಪ್ರಶ್ನೆ? ಅವಳು ನನ್ನನ್ನು ನಂಬಿ ಒಳಗೆ ಹೋದ ರೀತಿ—ಅದೇ ಬಸ್ಸಿನಲ್ಲಿ ಭುಜಕ್ಕೆ ಒರಗಿದ ರೀತಿ. ಶಾಲೆಯಲ್ಲಿ ಪಾಠದ ನಡುವೆ ಮಾತು ತಪ್ಪುತ್ತಿತ್ತು. ಮನೆಯಲ್ಲಿ ಅವಳು ಕೆಮ್ಮಿದರೆ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ. ಗಂಡನಿಗೆ ಹೇಳಿದೆ. “ಆಗಿದ್ದು ಆಗೋಯ್ತು, ಈಗ ಯಾಕೆ ಕೆದಕ್ತೀಯ” ಎಂದರು. ಅವರು ಹಾಗೆಂದಾಗ ಒಂದು ಗಳಿಗೆ ಹಗುರವಾಯಿತು. ಆ ಹಗುರವೇ ಅಸಹ್ಯವಾಯಿತು.

ಮಾರ್ಗಶಿರದ ಒಂದು ಮಧ್ಯಾಹ್ನ ನಾವಿಬ್ಬರೂ ಹಿತ್ತಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆವು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಮುಖ ಎತ್ತದೆ ಹೇಳಲು ಶುರು ಮಾಡಿದೆ, ಆಮೇಲೆ ಮುಖ ಎತ್ತಿ ಹೇಳಿದೆ. ಪದ ಗೊತ್ತಿತ್ತು ಎಂದೆ. ಜ್ವರ ಇಲ್ಲ ಎಂದದ್ದು, ಧೂಳಿನ ಕೆಮ್ಮು ಎಂದದ್ದು, ಎಕ್ಸ್‌ರೇ ಮಾತನ್ನು ನುಂಗಿದ್ದು, ಮನೆತನದ ಮೈಕಟ್ಟು ಎಂದದ್ದು ಡಾಕ್ಟರಲ್ಲ, ನಾನು ಎಂಬುದು—ಎಲ್ಲ. ಯಾಕೆ ಎಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ: “ನಿನ್ನ ಹೊಟ್ಟೆಗೆ ಹಾಕ್ದೆ ನಾನು ತಿಂತಿದ್ದೀನಿ ಅಂತ ಅಂದ್ಕೋತಾರೆ ಅನ್ನೋ ನಾಚಿಕೆಗೆ.”

ಅವಳ ಕೈ ಕಾಳಿನ ಮೇಲೆ ಹಾಗೇ ಇತ್ತು. ಉಸಿರು ಮಾತ್ರ ಜೋರಾಗಿ ಕೇಳುತ್ತಿತ್ತು, ಏಣಿ ಹತ್ತಿ ಬಂದವಳ ಹಾಗೆ.

“ಹಂಸನ್ ಪಕ್ಕದಾಗೆ ಮಲಗಿಸ್ಕೊಂಡಿದ್ದೆ ನಾನು” ಎಂದಳು. “ಗೊತ್ತಿದ್ದಿದ್ರೆ ಮಲಗಿಸ್ಕೊಳ್ತಿರಲಿಲ್ಲ.”



ಅವಳು ಎದ್ದಳು. ಸೆರಗಿನಿಂದ ಕೈ ಒರೆಸಿಕೊಂಡು, ನನ್ನನ್ನು ನೋಡದೆ ಹೇಳಿದಳು:

“ನಮ್ಮಮ್ಮಂಗೆ ಹೇಳಿ ಇದನ್ನ. ತನ್ನ ಮೈಯಿಂದ್ಲೇ ನನಗೆ ಹಿಂಗಾಯ್ತು ಅಂತ ಈಗ್ಲೂ ಅಂದ್ಕೊಂಡವಳೆ. ಹಂಸನ್ ಮುಟ್ಟೋಕೂ ಹೆದರ್ತಾಳೆ. ನಾನು ಜೊತೇಲಿ ಬರಲ್ಲ. ನೀವೊಬ್ಬರೇ ಹೋಗಿ.”

ಆ ದಿನದಿಂದ ಪದ್ಮ ನನ್ನ ಜೊತೆ ಮಾತು ಬಿಟ್ಟಿಲ್ಲ. ಊಟಕ್ಕೆ ಬಡಿಸುತ್ತಾಳೆ, ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸುತ್ತಾಳೆ. ಅಕ್ಕ ಎಂದು ಮಾತ್ರ ಕರೆಯುವುದಿಲ್ಲ. ಹಂಸಳಿಗೆ ಇನ್ನೂ ಏನೂ ಗೊತ್ತಿಲ್ಲ. ಯಾವಾಗ ಹೇಳಬೇಕೆಂಬುದನ್ನು ಅವಳ ತಾಯಿ ತೀರ್ಮಾನಿಸಲಿ, ಆ ಹಕ್ಕು ನನ್ನದಲ್ಲ.

ನಾಳೆ ಭಾನುವಾರ. ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಆ ಹಳ್ಳಿಗೆ ಹೋಗುತ್ತೇನೆ. ಲಕ್ಷ್ಮಮ್ಮ ನನ್ನನ್ನು ನೋಡಿದ ಕೂಡಲೇ ಚಾಪೆ ಹಾಸಿ, ಕಾಫಿಗೆ ಹಾಲಿಲ್ಲವೆಂದು ಪಕ್ಕದ ಮನೆಗೆ ಓಡುವ ಹೆಂಗಸು. ಆ ಕಾಫಿ ಕುಡಿಯುವ ಮೊದಲೇ ಹೇಳಬೇಕು.